ಸೊಟ್ಟ ಹಳಿಯೇ ಸರಿ: ಟಾಲಿಲಿನ್ ರೈಲಿನ 120 ಸೆಂಟಿಮೀಟರ್

"ರೀ, ಹಳಿ ಸೊಟ್ಟ ಅಂಟಿಸಿದ್ದೀರಲ್ಲ" ಎಂದಳು ನನ್ನ ಹೆಂಡತಿ. ಕಾಫಿ ಲೋಟ ಇಡಲು ಜಾಗ ಹುಡುಕುತ್ತಾ ಮೇಜಿನ ಮೇಲೆ ಬಗ್ಗಿದ್ದಳು. ಅವಳ ಕಣ್ಣಿನಲ್ಲಿ ದೋಷವಿಲ್ಲ. ನನ್ನ ಮಾದರಿ ರೈಲಿನ ಕಲ್ಲಿನ ಸೇತುವೆಯ ಕೆಳಗೆ ಹಳಿ ನಟ್ಟನಡುವೆ ಇಲ್ಲ. ಒಂದು ಗೋಡೆಗೆ ಹತ್ತಿರ, ಇನ್ನೊಂದಕ್ಕೆ ದೂರ. ಅಷ್ಟು ಸೊಟ್ಟ ಕೂರಿಸಲು ನನಗೆ ಎರಡು ಶನಿವಾರ ಹಿಡಿದಿತ್ತು.

ನಾನಿರುವುದು ಬರ್ಮಿಂಗ್‌ಹ್ಯಾಮ್‌ನಲ್ಲಿ. ಇಲ್ಲಿಂದ ಪಶ್ಚಿಮಕ್ಕೆ, ವೇಲ್ಸ್‌ನ ಸಮುದ್ರದಂಡೆಯಲ್ಲಿ ಟವಿನ್ ಅಂತ ಒಂದು ಸಣ್ಣ ಊರಿದೆ. ಬರೆಯುವುದು ಒಂದು ಥರ, ಓದುವುದು ಇನ್ನೊಂದು ಥರ. ವೆಲ್ಶ್ ಹೆಸರುಗಳ ಕಥೆಯೇ ಹಾಗೆ. ಅಲ್ಲಿಂದ ಬೆಟ್ಟದ ಕಣಿವೆಯೊಳಗೆ ಟಾಲಿಲಿನ್ ಎಂಬ ಪುಟ್ಟ ಉಗಿಬಂಡಿ ಹೋಗುತ್ತದೆ. ಒಟ್ಟು ಏಳೂಕಾಲು ಮೈಲಿ. ಸ್ವಯಂಸೇವಕರು ಉಳಿಸಿಕೊಂಡು ನಡೆಸಿದ ಜಗತ್ತಿನ ಮೊದಲ ರೈಲು ಅದು. ನಾನು ಮಾಡುತ್ತಿರುವುದು ಅದರ 120 ಸೆಂಟಿಮೀಟರ್ ತುಂಡು. ಕಾಲ 1951ರ ಬೇಸಿಗೆ. ಒಂದು ಸೇತುವೆ, ಒಂದು ತಿರುವು, ಒಂದು ಇಂಜಿನ್, ಎರಡು ಬೋಗಿ, ಒಂದು ಬ್ರೇಕ್ ವ್ಯಾನ್ (ಗಾರ್ಡ್ ಕೂರುವ ಬಂಡಿ). ಮತ್ತೆ ತುಂಬಾ ಹುಲ್ಲು.

ಇದನ್ನೇ ಯಾಕೆ ಆರಿಸಿಕೊಂಡೆ ಅಂದರೆ, ಮೊದಲ ಕಾರಣ ಸೋಮಾರಿತನ. ಈ ರೈಲಿನ ಗೇಜು 2 ಅಡಿ 3 ಇಂಚು. ಎರಡು ಹಳಿಗಳ ನಡುವಿನ ಅಂತರ ಅಷ್ಟೇ. ಬ್ರಿಟನ್ನಿನಲ್ಲಿ ಸಣ್ಣ ಗೇಜಿನ ಮಾದರಿ ಮಾಡುವವರು ಸಾಮಾನ್ಯವಾಗಿ ಒಂದು ಅಡಿಗೆ 4 ಮಿಲಿಮೀಟರ್ ಲೆಕ್ಕ ಹಿಡಿದು, 9 ಮಿಲಿಮೀಟರ್ ಹಳಿ ಬಳಸುತ್ತಾರೆ. ಚಕ್ರ, ಮೋಟರು ಎಲ್ಲ ಆ ಅಳತೆಯಲ್ಲಿ ಅಂಗಡಿಯಲ್ಲಿ ಸಿಗುತ್ತವೆ. 9 ಅನ್ನು 4ರಿಂದ ಭಾಗಿಸಿ ನೋಡಿ. ಎರಡೂಕಾಲು. ಅಂದರೆ 2 ಅಡಿ 3 ಇಂಚು, ಕೂದಲೆಳೆಯಷ್ಟೂ ವ್ಯತ್ಯಾಸ ಇಲ್ಲ. ಎರಡು ಅಡಿ ಗೇಜಿನ ಮಾದರಿ ಮಾಡುವವರು ಒಂದು ಮಿಲಿಮೀಟರ್ ಸುಳ್ಳು ಹೇಳಿಕೊಂಡೇ ಬದುಕುತ್ತಾರೆ. ನನಗೆ ಆ ಪಾಪ ಇಲ್ಲ.

ಎರಡನೆಯದು ನಮ್ಮೂರಿನ ಕಾರಣ. ನಾನು ತರೀಕೆರೆ ಕಡೆಯವನು. ಹಿಂದೆ ತರೀಕೆರೆಯಿಂದ ನರಸಿಂಹರಾಜಪುರಕ್ಕೆ ಕಾಡಿನ ನಡುವೆ ಎರಡು ಅಡಿ ಗೇಜಿನ ಟ್ರಾಮ್ ಓಡುತ್ತಿತ್ತು. ಅಜ್ಜನ ಬಾಯಲ್ಲಿ ಅದರ ಕಥೆ ಕೇಳಿದ್ದೇನೆ. ನಾನು ನೋಡುವ ಹೊತ್ತಿಗೆ ಕಥೆ ಮಾತ್ರ ಉಳಿದಿತ್ತು. ಟವಿನ್ ನಿಲ್ದಾಣದಲ್ಲಿ ಮೊದಲ ಸಲ ಆ ಗೊಂಬೆಯಂಥ ಇಂಜಿನ್ ನೋಡಿದಾಗ ಅಜ್ಜನ ನೆನಪಾಯಿತು. ಅಷ್ಟೇ.

ಹಲಗೆ ಮತ್ತು ಸೇತುವೆ

ಅಡಿಪಾಯಕ್ಕೆ 9 ಮಿಮೀ ಪ್ಲೈವುಡ್, 120 ಸೆಂಮೀ ಉದ್ದ, 30 ಅಗಲ. ಅಡಿಯಲ್ಲಿ ಮರದ ಪಟ್ಟಿ, ಬಾಗದಿರಲಿ ಅಂತ. ಮೇಲೆ ಟಿವಿ ಬಂದ ಪೆಟ್ಟಿಗೆಯ ಥರ್ಮೋಕೋಲ್. ಅದನ್ನು ಬ್ರೆಡ್ ಚಾಕುವಿನಲ್ಲಿ ಕೊಯ್ದು ಗುಡ್ಡದ ಇಳಿಜಾರು ಮಾಡಿದೆ. ಬಿಳಿ ಕಾಳುಗಳು ಇನ್ನೂ ಮನೆಯ ಮೂಲೆಮೂಲೆಯಲ್ಲಿ ಸಿಗುತ್ತಿವೆ. ಈ ಭಾಗದಲ್ಲಿ ಹೇಳುವಂಥದ್ದು ಮತ್ತೇನಿಲ್ಲ.

ಸೇತುವೆಯದ್ದು ಮಾತ್ರ ದೊಡ್ಡ ಕಥೆ.

1860ರ ದಶಕಕ್ಕೆ ಹೋಗಬೇಕು. ಅಮೆರಿಕದಲ್ಲಿ ಅಂತರ್ಯುದ್ಧ. ಅಲ್ಲಿಂದ ಬರುತ್ತಿದ್ದ ಹತ್ತಿ ನಿಂತು ಮ್ಯಾಂಚೆಸ್ಟರ್ ಮಿಲ್ಲುಗಳು ಕಂಗಾಲಾದವು. ಅದೇ ಹೊತ್ತಿನಲ್ಲಿ ನಮ್ಮ ಧಾರವಾಡ ಸೀಮೆಯ ಹತ್ತಿಗೆ ಬೆಲೆ ಏರಿತು. ಮ್ಯಾಂಚೆಸ್ಟರಿನವರ ಕಣ್ಣು ಕಾರವಾರ ಬಂದರಿನ ಮೇಲೂ ಬಿತ್ತು. ಕೆಲವು ಮಿಲ್ ಮಾಲೀಕರು ಬೇರೆ ದಾರಿ ನೋಡಿದರು. ಮೆಕಾನಲ್ ಮನೆತನದವರು ಹತ್ತಿಯ ಜೊತೆಗೆ ಕಲ್ಲಿಗೂ ದುಡ್ಡು ಹಾಕಿದರು. ವೇಲ್ಸ್‌ನ ಬ್ರಿನ್ ಎಗ್ಲುಯ್ಸ್ ಎಂಬ ಕಡೆ ಸ್ಲೇಟಿನ ಗಣಿ. ನಾವು ಬಳಪ ಹಿಡಿದು ಬರೆದ ಅದೇ ಜಾತಿಯ ಕಲ್ಲು. ಅಲ್ಲಿ ಅದು ಹೆಚ್ಚಾಗಿ ಮನೆಯ ಮಾಡಿಗೆ ಹೊದಿಸಲು ಹೋಗುತ್ತಿತ್ತು. ಆ ಕಲ್ಲನ್ನು ಸಮುದ್ರದ ಕಡೆ ಇಳಿಸಲು ರೈಲು ಬೇಕಾಯಿತು. 1865ರಲ್ಲಿ ಪಾರ್ಲಿಮೆಂಟಿನ ಕಾಯ್ದೆ ಬಂತು. ಹಳಿ ಹಾಕಿಸಿದ ಇಂಜಿನಿಯರ್ ಜೇಮ್ಸ್ ಸ್ವಿಂಟನ್ ಸ್ಪೂನರ್.

ಕಲ್ಲಿಗೆ ಸೇತುವೆ ಎಷ್ಟು ಅಗಲ ಇದ್ದರೂ ನಡೆಯುತ್ತದೆ. ಜನರನ್ನು ಹತ್ತಿಸಿಕೊಳ್ಳಬೇಕಾದರೆ ಸರ್ಕಾರದ ಇನ್‌ಸ್ಪೆಕ್ಟರ್ ಬರುತ್ತಾನೆ. 1866ರಲ್ಲಿ ಬಂದವರು ಕ್ಯಾಪ್ಟನ್ ಹೆನ್ರಿ ಟೈಲರ್. ಟೇಪು ಹಿಡಿದು ನೋಡಿದರೆ, ಹಳಿಯ ಮೇಲಿನ ಸೇತುವೆಗಳ ಒಳ ಅಗಲ 9 ಅಡಿ 1 ಇಂಚು. ಬೋಗಿಯ ಅಗಲ 5 ಅಡಿ ಮೂರೂವರೆ ಇಂಚು. ಒಂದೊಂದು ಕಡೆ ಉಳಿಯುವುದು 2 ಅಡಿಗಿಂತ ಕಡಿಮೆ. ಇರಬೇಕಾದದ್ದು ಎರಡೂವರೆ ಅಡಿ. ಸೇತುವೆಯ ಕೆಳಗೆ ರೈಲು ನಿಂತರೆ ಬಾಗಿಲು ತೆರೆದು ಇಳಿಯಲು ಆಗುವುದಿಲ್ಲ, ತಲೆ ಹೊರಗೆ ಹಾಕಿದವರ ಗತಿ ದೇವರೇ ಬಲ್ಲ.

ಸೇತುವೆ ಎಲ್ಲ ಕೆಡವಿ ಕಟ್ಟಲು ದುಡ್ಡಿಲ್ಲ. ಆಗ ಮೆಕಾನಲ್ ಒಂದು ಉಪಾಯ ಹೇಳಿದರು. ಬೋಗಿಯ ಒಂದು ಕಡೆಯ ಬಾಗಿಲು ಕಾಯಂ ಮುಚ್ಚಿಬಿಡೋಣ. ಸೇತುವೆಯ ಕೆಳಗೆ ಹಳಿಯನ್ನು ಆ ಮುಚ್ಚಿದ ಕಡೆಗೆ ಸರಿಸೋಣ. ಆಗ ಬಾಗಿಲಿರುವ ಕಡೆಯಾದರೂ ಸಾಕಷ್ಟು ಜಾಗ ಸಿಗುತ್ತದೆ. ಟೈಲರ್ ಒಪ್ಪಿದರು. ಇವತ್ತಿಗೂ ಆ ರೈಲಿನ ಬೋಗಿಗಳಿಗೆ ಒಂದೇ ಕಡೆ ಬಾಗಿಲು. ನನ್ನ ಪಾಲಿಗೆ ಆ ಜುಗಾಡೇ ಈ ರೈಲಿನ ಜೀವ. ಅದನ್ನು ಬಿಟ್ಟು ನೆಟ್ಟಗೆ ಹಾಕಿದರೆ ಯಾವುದೋ ಒಂದು ರೈಲಿನ ಮಾದರಿ ಆಗುತ್ತದೆ, ಟಾಲಿಲಿನ್ ಆಗುವುದಿಲ್ಲ.

ನನ್ನ ಲೆಕ್ಕ ಹೀಗೆ. ಸೇತುವೆಯ ಒಳ ಅಗಲ 36.3 ಮಿಮೀ. ಬೋಗಿ 21.2. ಉಳಿಯುವುದು 15.1. ಬಾಗಿಲ ಕಡೆ ಎರಡೂವರೆ ಅಡಿ, ಅಂದರೆ 10 ಮಿಮೀ ಕೊಟ್ಟರೆ ಇನ್ನೊಂದು ಕಡೆ ಐದೇ ಉಳಿಯುತ್ತದೆ. ಅಂದರೆ ನಡುಗೆರೆಯಿಂದ ಹಳಿ ಸುಮಾರು 2.4 ಮಿಮೀ ಸರಿಯಬೇಕು. ಎರಡು ಕಡ್ಲೆಬೇಳೆ ಪಕ್ಕಪಕ್ಕ ಇಟ್ಟಷ್ಟೂ ಇಲ್ಲ. ಆದರೆ ಕಣ್ಣಿಗೆ ಹೊಡೆಯುತ್ತದೆ.

ಸೇತುವೆಯ ಎಲುಬು 5 ಮಿಮೀ ಫೋಮ್ ಬೋರ್ಡು. ಅದರ ಮೇಲೆ ಗಾಳಿಯಲ್ಲೇ ಒಣಗುವ ಜೇಡಿಮಣ್ಣು, ತೆಳ್ಳಗೆ, ಚಪಾತಿ ಲಟ್ಟಿಸಿದ ಹಾಗೆ. ಮೊದಲ ಸಲ ಮಣ್ಣಿನ ಅಡಿಗೆ ಅಂಟು ಹಚ್ಚಲಿಲ್ಲ. ಬೆಳಿಗ್ಗೆ ನೋಡಿದರೆ ಒಣಗಿ, ಕುಗ್ಗಿ, ಇಡೀ ಗೋಡೆ ಹಪ್ಪಳದ ಹಾಗೆ ಎದ್ದು ನಿಂತಿತ್ತು. ಎರಡನೇ ಸಲ ಫೋಮಿನ ಮೇಲೆ ಬಿಳಿ ಅಂಟು ಸವರಿ, ಅದು ಇನ್ನೂ ಹಸಿ ಇರುವಾಗಲೇ ಮಣ್ಣು ಒತ್ತಿದೆ. ಅರ್ಧ ಒಣಗಿದಾಗ ದಬ್ಬಳದಲ್ಲಿ ಕಲ್ಲಿನ ಗೀರು ಹಾಕಿದೆ. ಕಲ್ಲು ಒಂದೇ ಅಳತೆಯಲ್ಲಿ ಗೀರಬೇಡಿ. ಹಳ್ಳಿಯ ಸೇತುವೆ, ಇಟ್ಟಿಗೆ ಗೋಡೆಯಲ್ಲ. ಮೂಲೆಗೆ ದೊಡ್ಡವು, ನಡುವೆ ಸಿಕ್ಕಿದ್ದು.

ಒಂದು ತಪ್ಪು. ಫೋಮಿನ ಅಂಚು ಒಳಗಡೆ 36.3 ಇಟ್ಟು ಕೊಯ್ದಿದ್ದೆ. ಆಮೇಲೆ ಎರಡು ಕಡೆಯೂ ಮಣ್ಣು ಮೆತ್ತಿದಾಗ ಒಳಗೆ 33 ಉಳಿಯಿತು! ಗಾರೆ ಕೆಲಸದವರು ಕೇಳಿದರೆ ನಗುತ್ತಾರೆ. ಒಳಗಿನ ಮಣ್ಣು ಕೆರೆದು, ಮರಳು ಕಾಗದದಲ್ಲಿ ಉಜ್ಜಿ ಮತ್ತೆ 36ಕ್ಕೆ ತಂದೆ. ಒಂದು ಶನಿವಾರ ಅದಕ್ಕೇ ಹೋಯಿತು.

ಹಳಿ: ನನ್ನ 0.8 ಮಿಲಿಮೀಟರ್

ಹಳಿ ಕೈಯಲ್ಲೇ ಮಾಡಿದೆ. ತಾಮ್ರ ಹೊದಿಸಿದ ಸರ್ಕ್ಯೂಟ್ ಬೋರ್ಡನ್ನು ಸಣ್ಣ ಪಟ್ಟಿ ಕತ್ತರಿಸಿದರೆ ಸ್ಲೀಪರ್, ಅಂದರೆ ಹಳಿಯ ಅಡಿಗೆ ಹಾಕುವ ಅಡ್ಡಪಟ್ಟಿ, ಸಿದ್ಧ. ಅದರ ನಡುವೆ ತಾಮ್ರವನ್ನು ಗರಗಸದಿಂದ ಗೀರಿ ತೆಗೆಯಬೇಕು. ಇಲ್ಲದಿದ್ದರೆ ಎರಡು ಹಳಿಗಳಿಗೂ ಸಂಪರ್ಕವಾಗಿ ಶಾರ್ಟ್ ಆಗುತ್ತದೆ. ಐದು ಸ್ಲೀಪರಿಗೆ ಒಂದರಂತೆ ತಾಮ್ರದ್ದು, ಉಳಿದವು ಮರದ ಕಡ್ಡಿ. ಹಳಿ ಇಟ್ಟು, ಅಂತರ ಕಾಯುವ ಗೇಜು ಎಂಬ ಸಾಧನ ಹಿಡಿದು, ಸೋಲ್ಡರ್ ಹಾಕುವುದು. ಎಲ್ಲವೂ ನೆಟ್ಟಗೆ ಬಂದರೆ ತಪ್ಪು. ಹಳೆಯ ಕಾಲದ, ಜೀರ್ಣವಾದ ಹಳಿ ಅದು. ಅಲ್ಲಲ್ಲಿ ಸ್ಲೀಪರನ್ನು ಬೇಕಂತಲೇ ಓರೆ ಇಟ್ಟೆ.

ಪರೀಕ್ಷೆಗೆ ಇಂಜಿನ್ ಬಿಟ್ಟೆ. ಸಲೀಸಾಗಿ ಹೋಯಿತು. ಬೋಗಿ ಬಿಟ್ಟೆ. ತಿರುವಿನಲ್ಲಿ ದಡಕ್ಕನೆ ಒಂದು ಚಕ್ರ ಹಳಿಗಳ ನಡುವೆ ಬಿತ್ತು. ಮತ್ತೆ ಬಿಟ್ಟೆ, ಮತ್ತೆ ಅಲ್ಲೇ. ಇಂಜಿನ್ ಹತ್ತು ಸಲ ಹೋದರೂ ಬೀಳುವುದಿಲ್ಲ, ಬೋಗಿ ಒಂದು ಸಲವೂ ದಾಟುವುದಿಲ್ಲ.

ಆಗ ಜ್ಞಾಪಕಕ್ಕೆ ಬಂತು, ಇದು ನಿಜದ ರೈಲಿನಲ್ಲೂ ನಡೆದದ್ದೇ!

1951ರಲ್ಲಿ ಸ್ವಯಂಸೇವಕರು ರೈಲು ವಹಿಸಿಕೊಂಡಾಗ ಓಡುವ ಸ್ಥಿತಿಯಲ್ಲಿ ಇದ್ದದ್ದು ಒಂದೇ ಇಂಜಿನ್, 1866ರಲ್ಲಿ ಮಾಡಿದ ಡೋಲ್ಗೋಖ್. ಅದರ ಜೊತೆಗಾರ, ಟಾಲಿಲಿನ್ ಎಂಬ ಹೆಸರಿನದೇ ಇಂಜಿನ್, ಸವೆದು ಮೂಲೆ ಸೇರಿತ್ತು. ಪಕ್ಕದ ಕಣಿವೆಯ ಕೋರಿಸ್ ರೈಲು 1948ರಲ್ಲಿ ಮುಚ್ಚಿತ್ತು. ಅದರದ್ದೂ 2 ಅಡಿ 3 ಇಂಚಿನ ಗೇಜು. ಅದರ ಎರಡು ಇಂಜಿನ್ ಮಖನ್ಲೆತ್ ಊರಿನಲ್ಲಿ ನಿಂತಿದ್ದವು. ಬ್ರಿಟಿಷ್ ರೈಲ್ವೆಯಿಂದ ತಲಾ 25 ಪೌಂಡಿಗೆ ಅವನ್ನು ಕೊಂಡು ತಂದರು. 3ನೇ ನಂಬರಿನ ಇಂಜಿನ್ ಹಳಿಗೆ ಇಳಿಸಿದರೆ, ಪದೇ ಪದೇ ಬೀಳತೊಡಗಿತು. ಅಳೆದು ನೋಡಿದರೆ ಟಾಲಿಲಿನ್ ಹಳಿಯ ಗೇಜು ಹೇಳಿದ್ದಕ್ಕಿಂತ ಅರ್ಧ ಇಂಚಿನಷ್ಟು ಅಗಲ. ಡೋಲ್ಗೋಖ್‌ನ ಮುಂದಿನ ಹಿಂದಿನ ಚಕ್ರಗಳ ಅಂತರ ಜಾಸ್ತಿ. ತಿರುವಿನಲ್ಲಿ ಅದು ಸಿಕ್ಕಿಕೊಳ್ಳದಿರಲಿ ಅಂತ ಹಳೆಯ ಕಂಪನಿಯವರು ಬೇಕಂತಲೇ ಹಾಗೆ ಹಾಕಿದ್ದರು. ಹಳೆಯ ಎರಡು ಇಂಜಿನ್ನುಗಳ ಚಕ್ರದ ಪಟ್ಟಿ ಅಗಲವಾಗಿತ್ತು, ಹಾಗಾಗಿ ಬೀಳುತ್ತಿರಲಿಲ್ಲ. ಹೊರಗಿನಿಂದ ಬಂದದ್ದಕ್ಕೆ ಆ ಭಾಗ್ಯ ಇರಲಿಲ್ಲ.

ನನ್ನ ಕ್ಯಾಲಿಪರ್ ತೆಗೆದೆ. ಇಂಜಿನ್ ಚಕ್ರದ ದಪ್ಪ 2.2 ಮಿಮೀ. ಬೋಗಿಗೆ ಹಾಕಿದ್ದು ಬೇರೆ ಕಡೆ ಕೊಂಡ ಚಕ್ರ, 1.6. ತಿರುವಿನಲ್ಲಿ ಹಳಿಯ ಅಂತರ 9.8. ಅಂದರೆ 0.8 ಜಾಸ್ತಿ. ಸೋಲ್ಡರ್ ಆರುವ ಮೊದಲೇ ಗೇಜು ಎತ್ತಿದ್ದೆ, ಹಳಿ ಹೊರಗೆ ಜಾರಿದೆ. ಟಾಲಿಲಿನ್‌ನವರ ಅರ್ಧ ಇಂಚು ನನ್ನ ಅಳತೆಯಲ್ಲಿ 0.17 ಮಿಮೀ ಆಗುತ್ತದೆ. ನನ್ನ 0.8 ನಿಜದ ಲೆಕ್ಕಕ್ಕೆ ಸುಮಾರು ಎರಡೂವರೆ ಇಂಚು. ಅವರದ್ದು ಬೇಕಂತ ಮಾಡಿದ್ದು, ನನ್ನದು ಶುದ್ಧ ಅವಸರ.

ಅವರು ಕೊನೆಗೆ ಹಳಿಯನ್ನು ಸರಿಯಾದ ಗೇಜಿಗೆ ಮತ್ತೆ ಹಾಸಿದರು, ಡೋಲ್ಗೋಖ್‌ನ ಚಕ್ರಗಳನ್ನೂ ತಿರುವಿಗೆ ಹೊಂದುವಂತೆ ಮಾಡಿಸಿದರು. ನಾನು ಏಳು ಸ್ಲೀಪರಿನ ಸೋಲ್ಡರ್ ಕರಗಿಸಿ, ಹಳಿ ಒಳಗೆ ತಳ್ಳಿ, ಈ ಸಲ ಇಪ್ಪತ್ತು ಎಣಿಸಿದ ಮೇಲೇ ಗೇಜು ತೆಗೆದೆ. ಬೋಗಿ ದಾಟಿತು.

ಬೋಗಿ

ಅರ್ಧ ಮಿಮೀ ಪ್ಲಾಸ್ಟಿಕ್ ಹಾಳೆಯಲ್ಲಿ ಗೋಡೆ. ಮೊದಲ ಬೋಗಿಗೆ ಅಭ್ಯಾಸಬಲದಿಂದ ಎರಡೂ ಕಡೆ ಬಾಗಿಲು ಗೀರಿದ್ದೆ. ಅಷ್ಟೆಲ್ಲ ಟೈಲರ್ ಪುರಾಣ ಓದಿದವನು! ಒಂದು ಗೋಡೆ ಕಸದ ಬುಟ್ಟಿಗೆ ಹೋಯಿತು.

ಹಳೆಯ ಬೋಗಿಗಳಲ್ಲಿ ಮೂರನ್ನು ಮಾಡಿದ್ದು ಇಲ್ಲಿಯ ಬ್ರೌನ್ ಮಾರ್ಷಲ್ಸ್ ಕಂಪನಿ. ಅಂದರೆ ನನ್ನ ಬೋಗಿಗಳೂ ಬರ್ಮಿಂಗ್‌ಹ್ಯಾಮ್‌ನಲ್ಲೇ ತಯಾರಾದವು ಅಂತ ಹೆಮ್ಮೆಯಿಂದ ಹೇಳಿಕೊಳ್ಳಬಹುದು. ಅವರೇ ಮಾಡಿದ ಬ್ರೇಕ್ ವ್ಯಾನಿನಲ್ಲಿ ಟಿಕೆಟ್ ಕೊಡುವ ಒಂದು ಕಿಟಕಿ ಇದೆ. ನಡುವಿನ ಸಣ್ಣ ನಿಲ್ದಾಣಗಳಲ್ಲಿ ಟಿಕೆಟ್ ಕೊಡುವವರಿಲ್ಲ, ಹಾಗಾಗಿ ಟಿಕೆಟ್ ಕೌಂಟರೇ ರೈಲಿನ ಜೊತೆ ಓಡಾಡುತ್ತಿತ್ತು. ನನ್ನ ವ್ಯಾನಿನಲ್ಲಿ ಆ ಕಿಟಕಿ 4 ಮಿಮೀ. ಅದನ್ನು ಕೊರೆಯಲು ಮೂರು ಬ್ಲೇಡು ಮುರಿದವು.

ಹುಲ್ಲು

ಸರ್ ಹೇಡನ್ ಜೋನ್ಸ್ ಎಂಬ ಸ್ಥಳೀಯ ಪಾರ್ಲಿಮೆಂಟ್ ಸದಸ್ಯರು 1911ರಲ್ಲಿ ಗಣಿ, ರೈಲು ಎರಡನ್ನೂ ಕೊಂಡಿದ್ದರು. ತಾನು ಬದುಕಿರುವವರೆಗೆ ರೈಲು ಓಡುತ್ತದೆ ಎಂದು ಮಾತು ಕೊಟ್ಟಿದ್ದರು. ಲಾಭ ಏನೂ ಇರಲಿಲ್ಲ. 1946ರ ಡಿಸೆಂಬರ್ 26ರಂದು ಗಣಿ ಕುಸಿಯಿತು, ಕಲ್ಲು ಬರುವುದು ನಿಂತಿತು. ರೈಲು ನಿಲ್ಲಲಿಲ್ಲ. ದೇಶದ ರೈಲುಗಳನ್ನೆಲ್ಲ ಸರ್ಕಾರ ವಹಿಸಿಕೊಂಡಾಗಲೂ ಇದನ್ನು ಸೇರಿಸಲಿಲ್ಲ. ಸರ್ ಹೇಡನ್ 1950ರ ಜುಲೈನಲ್ಲಿ ತೀರಿಕೊಂಡರು. ಅಕ್ಟೋಬರ್ 6ರವರೆಗೆ ರೈಲು ಓಡಿ ನಿಂತಿತು. ಐದೇ ದಿನಕ್ಕೆ, ಅಕ್ಟೋಬರ್ 11ರಂದು, ಇದೇ ಬರ್ಮಿಂಗ್‌ಹ್ಯಾಮ್‌ನ ಇಂಪೀರಿಯಲ್ ಹೋಟೆಲಿನಲ್ಲಿ ಲೇಖಕ ಟಾಮ್ ರೋಲ್ಟ್ ಮತ್ತು ಗೆಳೆಯರು ಕರೆದ ಸಭೆಗೆ ಸುಮಾರು 70 ಜನ ಸೇರಿದರು. ನಾವೇ ನಡೆಸುತ್ತೇವೆ ಎಂದರು. 1951ರ ಮೇ 14ರಂದು ಟವಿನ್‌ನಿಂದ ದಾರಿಯ ನಡುವಿನ ರಿಡರೋನೆನ್ ನಿಲ್ದಾಣದವರೆಗೆ ಮತ್ತೆ ರೈಲು ಬಿಟ್ಟರು. ಇದೆಲ್ಲ ಅಲ್ಲಿಯವರೆಗೆ ಯಾರೂ ಮಾಡದ ಕೆಲಸ. ಗುಮಾಸ್ತರು, ಮೆಕ್ಯಾನಿಕ್ಕುಗಳು, ರಜೆಯಲ್ಲಿ ಬಂದ ಹುಡುಗರು.

ಅವರ ಕೈಗೆ ಬಂದ ಹಳಿ ಹೇಗಿತ್ತು ಅಂದರೆ, ಸ್ಲೀಪರುಗಳು ಕೊಳೆತಿದ್ದವು. ಹಳಿ ಜಾರದ ಹಾಗೆ ಹಿಡಿದಿದ್ದದ್ದು ಹುಲ್ಲಿನ ಬೇರು! ಹುಲ್ಲು ಕಿತ್ತು ಚೊಕ್ಕಟ ಮಾಡಿದರೆ ಹಳಿ ಅಗಲವಾಗಿ ರೈಲು ಬೀಳುವ ಭಯ. ಈ ಮಾತು ಕೇಳಿದ ಮೇಲೆ ನನ್ನ ಮಾದರಿಯಲ್ಲಿ ಹುಲ್ಲೇ ನಾಯಕ ಅಂತ ತೀರ್ಮಾನಿಸಿದೆ.

ನಿಂತ ಹುಲ್ಲು ಮಾಡಲು ಸ್ಥಿರವಿದ್ಯುತ್ತಿನ ಉಪಕರಣ ಸಿಗುತ್ತದೆ, ದುಬಾರಿ. ನಾನು ಊರಿಂದ ತಂದಿದ್ದ ಸೊಳ್ಳೆ ಬ್ಯಾಟ್ ಬಿಚ್ಚಿದೆ. ಅದರ ಜಾಲರಿ ತೆಗೆದು, ಹೆಚ್ಚು ವೋಲ್ಟೇಜಿನ ಒಂದು ತಂತಿಗೆ ಟೀ ಸೋಸುವ ಲೋಹದ ಜರಡಿ ಕಟ್ಟಿದೆ. ಇನ್ನೊಂದು ತಂತಿಯ ತುದಿಗೆ ಕ್ಲಿಪ್. ಅಂಟು ಸವರಿದ ಜಾಗದಲ್ಲಿ ಒಂದು ಮೊಳೆ ಚುಚ್ಚಿ ಅದಕ್ಕೆ ಕ್ಲಿಪ್ ಹಾಕಬೇಕು. ಜರಡಿಯಲ್ಲಿ ನೈಲಾನ್ ನೂಲಿನ ಚೂರು ತುಂಬಿ, ಗುಂಡಿ ಒತ್ತಿ, ಅಂಟಿನ ಮೇಲೆ ಮೆಲ್ಲಗೆ ಅಲುಗಿಸಿದರೆ ಎಳೆಗಳು ನೆಟ್ಟಗೆ ನಿಲ್ಲುತ್ತವೆ. ಭತ್ತದ ಸಸಿಮಡಿ ನೋಡಿದ ಹಾಗಿರುತ್ತದೆ. ಎಚ್ಚರ: ಗುಂಡಿ ಬಿಟ್ಟ ಮೇಲೂ ಒಳಗಿನ ಕೆಪಾಸಿಟರಿನಲ್ಲಿ ಚಾರ್ಜ್ ಇರುತ್ತದೆ. ಜರಡಿಗೂ ಕ್ಲಿಪ್ಪಿಗೂ ಸ್ಕ್ರೂಡ್ರೈವರ್ ತಾಗಿಸಿ ಖಾಲಿ ಮಾಡಿಕೊಳ್ಳಿ. ನಾನು ಮಾಡಲಿಲ್ಲ. ಮೊಣಕೈವರೆಗೆ ಜುಮ್ ಎಂದಿತು. ಮಕ್ಕಳ ಕೈಗೆ ಕೊಡುವ ಸಾಮಾನಲ್ಲ ಇದು.

ಮೊದಲು 2 ಮಿಮೀ ಎಳೆ, ಆಮೇಲೆ ಅಲ್ಲಲ್ಲಿ 4, ಅಂಚಿಗೆ 6. ಹಸಿರು ಒಂದನ್ನೇ ಹಾಕಬೇಡಿ, ಆಟದ ಮೈದಾನವಾಗುತ್ತದೆ. ನಾನು ಹಸಿರು, ಒಣಹುಲ್ಲಿನ ಬಣ್ಣ, ಸ್ವಲ್ಪ ಕಂದು ಬೆರೆಸಿದೆ. ಹಳಿಗಳ ನಡುವೆಯೂ ಹಾಕಿದೆ. ಹಳಿಯ ನೆತ್ತಿ ಮಾತ್ರ ಮಿನುಗಬೇಕು, ಉಳಿದದ್ದು ಹುಲ್ಲಿನಲ್ಲಿ ಮುಳುಗಿರಬೇಕು.

ಬೇಲಿಗೆ ಸ್ಲೇಟು

ಆ ಕಡೆ ಬೇಲಿಗೂ ಸ್ಲೇಟೇ. ಉದ್ದನೆಯ ಚಪ್ಪಡಿಗಳನ್ನು ನಿಲ್ಲಿಸಿ ತಂತಿಯಿಂದ ಹೆಣೆಯುತ್ತಾರೆ. ಮಗಳ ಅಕ್ಷರಾಭ್ಯಾಸಕ್ಕೆ ಊರಿಂದ ತಂದಿದ್ದ ಕಲ್ಲಿನ ಸ್ಲೇಟು ಹೋದ ವರ್ಷವೇ ಒಡೆದು ಬೀರುವಿನಲ್ಲಿತ್ತು. "ಅಪ್ಪಾ, ಅದರ ಮೇಲೆ ನನ್ನ 'ಅ' ಇತ್ತಲ್ವಾ?" ಎಂದಳು. ಇತ್ತು. ಒಪ್ಪಿಸಲು ಒಂದು ಐಸ್‌ಕ್ರೀಮ್ ಖರ್ಚಾಯಿತು. ತುಂಡಿನ ಅಂಚಿಗೆ ತೆಳು ಚಾಕು ಇಟ್ಟು ಮೆಲ್ಲಗೆ ತಟ್ಟಿದರೆ ಪದರ ಬಿಡುತ್ತದೆ. ಗಣಿಯಲ್ಲೂ ಉಳಿಯಿಂದ ಹೀಗೇ ಸೀಳುತ್ತಿದ್ದರು. ನನಗೆ ಅರ್ಧ ಮಿಮೀ ಬೇಕಿತ್ತು. ಸಿಕ್ಕಿದ್ದು ಒಂದರಿಂದ ಒಂದೂವರೆ, ಅದೂ ಹತ್ತಕ್ಕೆ ಮೂರು. ಉಳಿದವು ಪುಡಿಪುಡಿ. ಮುಂದಿನ ಸಾಲಿನ ಹದಿನಾಲ್ಕು ಚಪ್ಪಡಿ ಮಾತ್ರ ನಿಜವಾದ ಸ್ಲೇಟು, ಹಿಂದಿನವು ಬೂದುಬಣ್ಣದ ರಟ್ಟು. ಹೆಣೆಯಲು ಹಳೆಯ ಇಯರ್‌ಫೋನಿನ ಒಳತಂತಿ.

ಮೊದಲ ಓಟ

ಭಾನುವಾರ ಸಂಜೆ ಅಪ್ಪನಿಗೆ ವೀಡಿಯೊ ಕಾಲ್ ಮಾಡಿ ಫೋನನ್ನು ಸೇತುವೆಯ ಎದುರು ನಿಲ್ಲಿಸಿದೆ. ಇಂಜಿನ್ ಹೊರಟಿತು. ತಿರುವು ದಾಟಿತು. ಸೇತುವೆಯ ಕೆಳಗೆ ಅರ್ಧ ಹೋಗಿ ನಿಂತುಬಿಟ್ಟಿತು. ಒಳಗಿನ ಗೇರಿಗೆ ಹುಲ್ಲಿನ ಎಳೆ ಸುತ್ತಿಕೊಂಡಿದೆ. ಅಂಟು ಒಣಗಿದ ಮೇಲೆ ವ್ಯಾಕ್ಯೂಮ್ ಹಿಡಿದು ಬಿಡಿ ಎಳೆ ತೆಗೆಯಬೇಕಿತ್ತು, ಅವಸರದಲ್ಲಿ ಬಿಟ್ಟಿದ್ದೆ. ಚಿಮಟದಲ್ಲಿ ಎಳೆದೆಳೆದು ತೆಗೆದೆ, ಅರ್ಧ ಗಂಟೆ. ಅಪ್ಪ ಫೋನ್ ಇಡಲಿಲ್ಲ.

"ಅಲ್ಲೋ, ಹಳಿ ಒಂದು ಕಡೆಗೆ ವಾಲಿದೆಯಲ್ಲೋ" ಎಂದರು.

ನಾನು ಬಾಯಿ ತೆಗೆಯುವ ಮೊದಲೇ ಒಳಗಿನಿಂದ ಹೆಂಡತಿ, "ಮಾವ, ಅದು ಹಾಗೇ ಇರಬೇಕಂತೆ. ಬಾಗಿಲು ತೆಗೆಯೋಕೆ ಜಾಗ ಬೇಕಂತೆ" ಎಂದಳು.

ಎರಡನೇ ಸಲ ರೈಲು ಪೂರ್ತಿ ದಾಟಿತು. ಬಾಗಿಲ ಕಡೆ ಹತ್ತು, ಗೋಡೆ ಕಡೆ ಐದು. ಎಲ್ಲೂ ಉಜ್ಜಲಿಲ್ಲ.

ಉಳಿದ ಕೆಲಸ: ಟಿಕೆಟ್ ಕಿಟಕಿಗೆ ಗಾಜು, ಇಂಜಿನ್ನಿಗೆ ಮಸಿ. ಆಮೇಲೆ ಇಂಜಿನ್ನಿನ ಹೆಸರಿನದೇ ಡೋಲ್ಗೋಖ್ ಕಮರಿಯ ಸೇತುವೆ, ಮೂರು ಕಮಾನು, 51 ಅಡಿ ಎತ್ತರ. ನನ್ನ ಅಳತೆಗೆ 204 ಮಿಮೀ. ಅದನ್ನಿಡಬೇಕೆಂದಿರುವ ಕಪಾಟಿನ ಎರಡು ಹಲಗೆಗಳ ನಡುವೆ ಇರುವುದು 190. ಮೇಲಿನ ಹಲಗೆ ತೆಗೆಯಬೇಕು. ಅದರ ಮೇಲಿರುವುದು ಅತ್ತೆ ಕೊಟ್ಟ ಕಂಚಿನ ಪಾತ್ರೆಗಳು. ಇನ್ನೂ ಮಾತು ಎತ್ತಿಲ್ಲ.